ಪೆಡಲ್ ಸ್ಟೀಲ್‌ಗೂ ಅಕೂಸ್ಟಿಕ್ ಗಿಟಾರಿಗೂ ಸೇರಿ ಒಂದೇ ಆಂಪ್ ಆರಿಸುವ ಬಗೆ

ಅಮೆರಿಕದ ಕಂಟ್ರಿ ಬ್ಯಾಂಡ್‌ಗಳಲ್ಲಿ ಪೆಡಲ್ ಸ್ಟೀಲ್ ನುಡಿಸುವವರ ಪಕ್ಕದಲ್ಲಿ ಎಷ್ಟೋ ಸಲ ಒಂದು ಅಕೂಸ್ಟಿಕ್ ಗಿಟಾರ್ ಕೂಡ ಸ್ಟ್ಯಾಂಡ್ ಮೇಲೆ ಇರುತ್ತದೆ. ನಿಧಾನದ ಹಾಡಿಗೆ ಸ್ಟೀಲ್. ಮುಂದಿನದಕ್ಕೆ ಎದ್ದು ನಿಂತು ಗಿಟಾರ್ ಸ್ಟ್ರಮ್. ಮತ್ತೆ ಕೂತು ಸ್ಟೀಲ್. ವೇದಿಕೆ ಚಿಕ್ಕದು, ಕಾರು ಒಂದೇ, ಡಿಕ್ಕಿಯಲ್ಲಿ ಅರ್ಧ ಜಾಗ ಸ್ಟೀಲ್‌ನ ಪೆಟ್ಟಿಗೆಗೇ ಹೋಗುತ್ತದೆ. ಎರಡೆರಡು ಆಂಪ್ (ಆಂಪ್ಲಿಫಯರ್) ಹೊತ್ತುಕೊಂಡು ಓಡಾಡುವುದು ಯಾರಿಗೂ ಬೇಡ. ಒಂದರಲ್ಲೇ ಎರಡೂ ಕೆಲಸ ಆಗುತ್ತದಾ?

ಆಗುತ್ತದೆ. ಆದರೆ ಎಲ್ಲ ಆಂಪ್‌ನಲ್ಲೂ ಅಲ್ಲ. ನಾನು ನಂಬಿರುವ ಲೆಕ್ಕ ಇಷ್ಟು: ಪವರ್ ಎಷ್ಟು ಬೇಕು ಅನ್ನುವುದನ್ನು ಸ್ಟೀಲ್ ತೀರ್ಮಾನಿಸಲಿ, ಸ್ಪೀಕರ್ ಎಂಥದ್ದು ಬೇಕು ಅನ್ನುವುದನ್ನು ಅಕೂಸ್ಟಿಕ್ ತೀರ್ಮಾನಿಸಲಿ. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕರೆ ಉಳಿದದ್ದನ್ನು ನಾಬ್ ತಿರುಗಿಸಿ ಸರಿಮಾಡಿಕೊಳ್ಳಬಹುದು. ಸಿಗದಿದ್ದರೆ ಯಾವ ನಾಬ್ ತಿರುಗಿಸಿದರೂ ಅಷ್ಟೇ.

ಪೆಡಲ್ ಸ್ಟೀಲ್ ನೋಡಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಹವಾಯಿಯನ್ ಗಿಟಾರ್ ಅಂತ ಕರೆಯುವ ವಾದ್ಯದ ಮುಂದಿನ ರೂಪ ಇದು. ತೊಡೆಯ ಮೇಲೆ ಮಲಗಿಸಿ ನುಡಿಸುತ್ತಿದ್ದ ವಾದ್ಯಕ್ಕೆ ಕಾಲುಗಳು ಬಂದವು. ಕೆಳಗೆ ಪೆಡಲ್‌ಗಳು, ಮಂಡಿಯಿಂದ ತಳ್ಳುವ ಲಿವರ್‌ಗಳು ಸೇರಿದವು. ಒಂದು ಕೈಯಲ್ಲಿ ಸ್ಟೀಲ್ ಬಾರ್ ಜಾರುತ್ತಿರುವಾಗಲೇ ಕಾಲು ಮತ್ತು ಮಂಡಿ ತಂತಿಗಳನ್ನು ಎಳೆದು ಸಡಿಲಿಸಿ ಸ್ವರ ಬದಲಿಸುತ್ತವೆ. ಬಲಗಾಲು ಮಾತ್ರ ಯಾವಾಗಲೂ ವಾಲ್ಯೂಮ್ ಪೆಡಲ್ ಮೇಲೆ. ಆ ಬಲಗಾಲನ್ನು ನೆನಪಿಟ್ಟುಕೊಳ್ಳಿ, ಅದರ ಕೆಲಸ ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಅಕೂಸ್ಟಿಕ್‌ಗೆ ಆಂಪ್ ಬೇಕೇ ಬೇಕಾ?

ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನೀವು ನುಡಿಸುವ ಜಾಗಗಳಲ್ಲಿ ಒಳ್ಳೆಯ ಪಿಎ (ಹಾಲ್‌ಗೆಲ್ಲ ಕೇಳಿಸುವ ಸ್ಪೀಕರ್ ವ್ಯವಸ್ಥೆ), ಮಾನಿಟರ್ (ನುಡಿಸುವವರ ಕಡೆಗೆ ತಿರುಗಿಸಿದ ಸ್ಪೀಕರ್), ಮಿಕ್ಸರ್ ಮುಂದೆ ಕೂರುವ ಒಬ್ಬ ಮನುಷ್ಯ ಯಾವಾಗಲೂ ಇರುತ್ತಾರಾ? ಹಾಗಿದ್ದರೆ ಅಕೂಸ್ಟಿಕ್ ಗಿಟಾರನ್ನು ಒಂದು ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಒಗ್ಗುವಂತೆ ಮಾಡುವ ಡಬ್ಬಿ) ಮೂಲಕ ನೇರವಾಗಿ ಪಿಎಗೆ ಕೊಡಿ. ಅಕೂಸ್ಟಿಕ್‌ಗೆ ಪಿಎಗಿಂತ ಒಳ್ಳೆಯ ಆಂಪ್ ಇಲ್ಲ. ಆಗ ನಿಮ್ಮ ಸ್ಟೀಲ್ ಆಂಪ್ ಸ್ಟೀಲ್‌ಗಷ್ಟೇ ಆಯಿತು, ತಲೆನೋವೇ ಇಲ್ಲ. ಈಗಾಗಲೇ ಒಳ್ಳೆಯ ಸ್ಟೀಲ್ ಆಂಪ್ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಸ ಆಂಪ್‌ನ ದುಡ್ಡಿನಲ್ಲಿ ಸಣ್ಣ ಪಾಲು ಕೊಟ್ಟರೆ ಒಂದು ಗಟ್ಟಿಯಾದ ಡಿಐ ಬರುತ್ತದೆ.

ಆದರೆ ಚರ್ಚ್ ಹಾಲ್, ಮದುವೆಯ ಲಾನ್, ಊಟದ ಜಾಗದ ಮೂಲೆ, ಮನೆಯಂಗಳದ ಪಾರ್ಟಿ, ಇಂಥ ಕಡೆ ಪಿಎ ಅಂದರೆ ಹಾಡುವವರ ಮೈಕಿಗೆ ಎರಡು ಸಣ್ಣ ಪೆಟ್ಟಿಗೆ ಅಷ್ಟೇ. ಅಲ್ಲಿ ಎರಡೂ ವಾದ್ಯದ ದನಿ ನಿಮ್ಮ ಆಂಪ್‌ನಿಂದಲೇ ಕೊನೆಯ ಸಾಲಿನವರೆಗೆ ಹೋಗಬೇಕು. ಮುಂದೆ ಬರೆದಿರುವುದೆಲ್ಲ ಅಂಥವರಿಗಾಗಿ.

ಎರಡನೇ ಹೆಜ್ಜೆ: ಸ್ಟೀಲ್‌ಗೆ ಬೇಕಾದ ಹೆಡ್‌ರೂಮ್ ಲೆಕ್ಕ ಹಾಕಿ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು 20 ವ್ಯಾಟ್ ಟ್ಯೂಬ್ ಆಂಪ್ ಇಟ್ಟುಕೊಂಡು ಡ್ರಮ್ಸ್ ಜೊತೆ ಆರಾಮಾಗಿ ನುಡಿಸುತ್ತಾರೆ. ಆಂಪ್ ಸ್ವಲ್ಪ ಒಡೆದರೆ, ಅಂದರೆ ದನಿ ಕರಕರ ಅಂದರೆ ಅವರಿಗೆ ಖುಷಿ. ಸ್ಟೀಲ್‌ನಲ್ಲಿ ಹಾಗಲ್ಲ. ಎರಡು ಮೂರು ತಂತಿ ಒಟ್ಟಿಗೆ ಮೀಟಿ, ಅದರಲ್ಲಿ ಒಂದನ್ನು ಪೆಡಲ್‌ನಿಂದ ಮೇಲಕ್ಕೆ ಎಳೆಯುವಾಗ ಆಂಪ್ ಒಡೆದರೆ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಸ್ಟೀಲ್‌ನ ಸೊಗಸೇ ಆ ಸ್ವರಗಳ ನಡುವಿನ ಜಾರುವಿಕೆ. ಅದು ಶುದ್ಧವಾಗಿ ಕೇಳಬೇಕು.

ಇಲ್ಲಿ ಬಲಗಾಲಿನ ಕೆಲಸ ನೋಡಿ. ಸ್ಟೀಲ್ ನುಡಿಸುವವರು ವಾಲ್ಯೂಮ್ ಪೆಡಲನ್ನು ಅರ್ಧದಷ್ಟು ಮಾತ್ರ ಒತ್ತಿ ತಂತಿ ಮೀಟುತ್ತಾರೆ. ಸ್ವರ ಸಾಯುತ್ತಾ ಬಂದಹಾಗೆ ಪೆಡಲನ್ನು ನಿಧಾನವಾಗಿ ಒತ್ತುತ್ತಾ ಹೋಗುತ್ತಾರೆ. ಹಾಗಾಗಿ ಸ್ವರ ತುಂಬಾ ಹೊತ್ತು ಒಂದೇ ಮಟ್ಟದಲ್ಲಿ ನಿಂತಹಾಗೆ ಕೇಳುತ್ತದೆ. ಇದು ಸಾಧ್ಯವಾಗಬೇಕಾದರೆ ನೀವು ಸಾಮಾನ್ಯವಾಗಿ ನುಡಿಸುವ ಮಟ್ಟದ ಮೇಲೆ ಇನ್ನೂ ಸಾಕಷ್ಟು ಜಾಗ ಉಳಿದಿರಬೇಕು. ಹೆಡ್‌ರೂಮ್ ಅಂದರೆ ಈ ಜಾಗವೇ. ಪೆಡಲ್ ಪೂರ್ತಿ ಒತ್ತಿದ ಹೊತ್ತಿನಲ್ಲೇ ಬೆರಳಿನ ಪಿಕ್ ಜೋರಾಗಿ ಬಿತ್ತು ಅಂದುಕೊಳ್ಳಿ, ಆ ಒಂದು ಕ್ಷಣದ ಹೊಡೆತವನ್ನೂ ಆಂಪ್ ಒಡೆಯದೆ ದಾಟಿಸಬೇಕು. ಸ್ಟೀಲ್ ಆಂಪ್‌ಗಳ ವ್ಯಾಟ್ ಅಷ್ಟು ಜಾಸ್ತಿ ಇರುವುದಕ್ಕೆ ಕಾರಣ ಇದೇ. ಫೆಂಡರ್ ಟ್ವಿನ್ ರಿವರ್ಬ್ 85 ವ್ಯಾಟ್, ಅದೂ ಟ್ಯೂಬ್. ಮಿಸಿಸಿಪಿಯ ಮೆರಿಡಿಯನ್ ಊರಿನ ಪೀವಿ ಕಂಪನಿ 1970ರ ದಶಕದಿಂದ ಸ್ಟೀಲ್‌ನವರಿಗಾಗಿ ಮಾಡಿದ ಸೆಷನ್ 400, ಆಮೇಲಿನ ನ್ಯಾಶ್‌ವಿಲ್ 400 ಸುಮಾರು 200 ವ್ಯಾಟ್‌ನವು, ಜೊತೆಗೆ 15 ಇಂಚಿನ ಒಂದು ಸ್ಪೀಕರ್.

ಇನ್ನು ವ್ಯಾಟ್ ಎಂಬ ಅಂಕಿಯನ್ನು ಹೇಗೆ ಓದಬೇಕು ಅಂತ ನೋಡೋಣ. ಆಂಪ್ ಕೊಳ್ಳುವವರು ಜಾಸ್ತಿ ಎಡವುವುದು ಇಲ್ಲೇ. ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. ಇದರ ಜೊತೆಗೆ ಸ್ಪೀಕರ್‌ನ ಸೆನ್ಸಿಟಿವಿಟಿ ಅಂತ ಇನ್ನೊಂದು ಅಂಕಿ ಇದೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನುವ ಲೆಕ್ಕ ಅದು. ಒಂದು ಆಂಪ್‌ನಲ್ಲಿ 98 ಡೆಸಿಬೆಲ್‌ನ 12 ಇಂಚಿನ ಸ್ಪೀಕರ್, ಇನ್ನೊಂದರಲ್ಲಿ 90 ಡೆಸಿಬೆಲ್‌ನ ಆರೂವರೆ ಇಂಚಿನ ಸಣ್ಣ ಸ್ಪೀಕರ್ ಇದೆ ಅಂತಿಟ್ಟುಕೊಳ್ಳಿ. ವ್ಯತ್ಯಾಸ 8 ಡೆಸಿಬೆಲ್. ಮೊದಲನೆಯದು 60 ವ್ಯಾಟ್‌ನಲ್ಲಿ ಮಾಡುವ ಸದ್ದಿಗೆ ಎರಡನೆಯದಕ್ಕೆ ಸುಮಾರು 380 ವ್ಯಾಟ್ ಬೇಕು! ಡಬ್ಬಿಯ ಮೇಲೆ ಬರೆದ ವ್ಯಾಟ್ ನೋಡಿ ಕೊಳ್ಳುವುದು ಎಷ್ಟು ಅಪಾಯ ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ನನ್ನ ಅಂದಾಜು ಹೀಗಿದೆ. ಮನೆ ಅಭ್ಯಾಸಕ್ಕೆ, ಡ್ರಮ್ಸ್ ಇಲ್ಲದ ಸಣ್ಣ ಕೂಟಕ್ಕೆ 60 ವ್ಯಾಟ್‌ನ ಒಳ್ಳೆಯ ಅಕೂಸ್ಟಿಕ್ ಆಂಪ್ ಸಾಕು. ಬ್ರಷ್ ಹಿಡಿದ ಡ್ರಮ್ಮರ್ ಇದ್ದರೆ 100ರಿಂದ 120 ವ್ಯಾಟ್, ಸ್ಪೀಕರ್ 8 ಇಂಚಿಗಿಂತ ಕಮ್ಮಿ ಬೇಡ. ಕೋಲು ಹಿಡಿದು ಬಾರಿಸುವ ಡ್ರಮ್ಮರ್, ಜೊತೆಗೆ ಎಲೆಕ್ಟ್ರಿಕ್ ಗಿಟಾರ್ ಇದ್ದರೆ 180–200 ವ್ಯಾಟ್, ಸ್ಪೀಕರ್ 10 ಅಥವಾ 12 ಇಂಚು. ಇದಕ್ಕಿಂತ ಕಮ್ಮಿಯಲ್ಲಿ ನಡೆಸುತ್ತೇವೆ ಅನ್ನುವವರು ಇದ್ದಾರೆ. ಅವರ ಆಂಪ್‌ಗೆ ಯಾವಾಗಲೂ ಮೈಕ್ ಇಟ್ಟಿರುತ್ತಾರೆ.

ಸ್ಟೀಲ್‌ನ ತಳದ ಸ್ವರಗಳ ಬಗ್ಗೆಯೂ ಯೋಚಿಸಿ. ಇ 9 ಎಂಬ ಟ್ಯೂನಿಂಗ್‌ನಲ್ಲಿ (ತಂತಿಗಳನ್ನು ಶ್ರುತಿ ಮಾಡುವ ಒಂದು ಬಗೆ) ಹತ್ತನೇ ತಂತಿ ಬಿ, ಅಂದರೆ ಸುಮಾರು 123 ಹರ್ಟ್ಸ್. ಅಕೂಸ್ಟಿಕ್‌ನ ದಪ್ಪ ತಂತಿ 82 ಹರ್ಟ್ಸ್, ಈ ಬಿ ಅದಕ್ಕಿಂತಲೂ ಮೇಲೆ. ಹಾಗಾಗಿ ಇ 9 ಮಾತ್ರ ನುಡಿಸುವವರಿಗೆ 8 ಇಂಚಿನ ಸ್ಪೀಕರ್ ಕೂಡ ಕಷ್ಟವಲ್ಲ. ಆದರೆ ಎರಡು ನೆಕ್‌ನ ಸ್ಟೀಲ್ ಇಟ್ಟುಕೊಂಡು ಸಿ 6 ಎಂಬ ಇನ್ನೊಂದು ಟ್ಯೂನಿಂಗ್ ಕೂಡ ನುಡಿಸುವವರ ಮಾತೇ ಬೇರೆ. ಅಲ್ಲಿ ಹತ್ತನೇ ತಂತಿ 65 ಹರ್ಟ್ಸ್, ಎಂಟನೇ ಪೆಡಲ್ ಒತ್ತಿದರೆ 55ಕ್ಕೆ ಇಳಿಯುತ್ತದೆ. ಅದು ಬಾಸ್ ಗಿಟಾರ್‌ನ ಜಾಗ. ಪುಟ್ಟ ಅಕೂಸ್ಟಿಕ್ ಆಂಪ್‌ನ ಸ್ಪೀಕರ್ ಅಲ್ಲಿ ಬರೀ ಬಡಬಡಿಸುತ್ತದೆ. ಸಿ 6 ನುಡಿಸುವವರು 12 ಇಂಚಿಗಿಂತ ಕಮ್ಮಿ ನೋಡಲೇಬೇಡಿ.

ಮೂರನೇ ಹೆಜ್ಜೆ: ಟ್ವೀಟರ್ ಇರಲಿ, ಆದರೆ ಆಫ್ ಮಾಡುವಂತಿರಲಿ

ಟ್ವೀಟರ್ ಅಂದರೆ ಚೂಪಾದ ಮೇಲಿನ ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್. ಗಿಟಾರ್ ಸ್ಪೀಕರ್‌ಗಳು 5,000 ಹರ್ಟ್ಸ್ ದಾಟಿದ ಮೇಲೆ ಬೇಗ ಕೈಬಿಡುತ್ತವೆ. ಸ್ಟೀಲ್‌ಗೆ ಅದು ವರ. ಲೋಹದ ಬಾರ್, ಲೋಹದ ತಂತಿ, ಬೆರಳಿಗೆ ಹಾಕಿದ ಲೋಹದ ಪಿಕ್, ಮೂರೂ ಸೇರಿ ಮೇಲಿನ ಭಾಗದಲ್ಲಿ ಗೀಚುವಂಥ ಸದ್ದು ಬಹಳ ಹುಟ್ಟಿಸುತ್ತವೆ. ಸ್ಪೀಕರ್ ಅದನ್ನು ನುಂಗಿದರೆ ಉಳಿಯುವುದು ಸಿಹಿಯಾದ ಭಾಗ. ಅಕೂಸ್ಟಿಕ್‌ಗೆ ಅದೇ ಶಾಪ. ಸ್ಟ್ರಮ್ ಮಾಡಿದಾಗ ಕೇಳುವ ಆ ತಿಳಿಯಾದ ಚರಚರ, ಮರದ ಗಾಳಿ, ಇದೆಲ್ಲ ಇರುವುದು 5,000ದಿಂದ ಮೇಲೆಯೇ. ಗಿಟಾರ್ ಸ್ಪೀಕರ್‌ನಲ್ಲಿ ಅಕೂಸ್ಟಿಕ್ ನುಡಿಸಿದರೆ ಕಂಬಳಿ ಹೊದ್ದುಕೊಂಡಂತೆ ಕೇಳುತ್ತದೆ. ಟ್ರೆಬಲ್ ಪೂರ್ತಿ ತಿರುಗಿಸಿದರೂ ಸ್ಪೀಕರ್ ಕೊಡದೇ ಇರುವುದು ಎಲ್ಲಿಂದ ಬರಬೇಕು?

ಇದರಿಂದ ಒಂದು ನೇರ ತೀರ್ಮಾನಕ್ಕೆ ಬರಬಹುದು. ಸ್ಟೀಲ್ ಆಂಪ್‌ಗೆ ಇಲ್ಲದ ಟ್ರೆಬಲ್ ಸೇರಿಸಲು ಆಗುವುದಿಲ್ಲ. ಅಕೂಸ್ಟಿಕ್ ಆಂಪ್‌ನಲ್ಲಿ ಇರುವ ಟ್ರೆಬಲ್ ತೆಗೆಯಲು ಆಗುತ್ತದೆ. ಹಾಗಾಗಿ ಒಂದೇ ಆಂಪ್ ಅಂದರೆ, ಪವರ್ ಚೆನ್ನಾಗಿರುವ, ಟ್ವೀಟರ್ ಇರುವ, ಆ ಟ್ವೀಟರನ್ನು ಒಂದು ಸ್ವಿಚ್‌ನಿಂದಲೋ ನಾಬ್‌ನಿಂದಲೋ ಆಫ್ ಮಾಡಬಹುದಾದ ಆಂಪ್. ಎಷ್ಟೋ ಆಂಪ್‌ಗಳಲ್ಲಿ ಈ ನಾಬ್ ಹಿಂಬದಿಯಲ್ಲಿರುತ್ತದೆ, ಮುಂಬದಿಯ ಫೋಟೋದಲ್ಲಿ ಕಾಣುವುದಿಲ್ಲ. ಹಿಂಬದಿಯ ಫೋಟೋ ಹುಡುಕಿ ನೋಡಿ.

ಸ್ಟೀಲ್ ನುಡಿಸುವ ಚಾನಲ್‌ನಲ್ಲಿ ಮಾತ್ರ ಟ್ವೀಟರ್ ಆಫ್ ಮಾಡುವ ವ್ಯವಸ್ಥೆ ಸಿಗುವುದು ಅಪರೂಪ. ಪ್ರತಿ ಹಾಡಿಗೆ ಎದ್ದು ಆಂಪ್‌ನ ಹಿಂದೆ ಕೈಹಾಕಲು ಆಗುವುದಿಲ್ಲ ಅಲ್ವಾ? ಇದಕ್ಕೆ ಸುಲಭದ ದಾರಿ, ಸ್ಟೀಲ್‌ನ ದಾರಿಯಲ್ಲಿ ಒಂದು ಇಕ್ಯೂ (ಬಾಸ್, ಟ್ರೆಬಲ್ ಮುಂತಾದ ಭಾಗಗಳನ್ನು ಬೇರೆ ಬೇರೆ ಏರಿಸಿ ಇಳಿಸುವ) ಪೆಡಲ್ ಇಡುವುದು. 6,400 ಹರ್ಟ್ಸ್‌ನ ಸ್ಲೈಡರ್ ಪೂರ್ತಿ ಕೆಳಗೆ, 3,200 ಹರ್ಟ್ಸ್ ಸ್ವಲ್ಪ ಕೆಳಗೆ. ಟ್ವೀಟರ್ ಅಕೂಸ್ಟಿಕ್‌ಗಾಗಿ ಹೊತ್ತಿಕೊಂಡೇ ಇರಲಿ, ಸ್ಟೀಲ್‌ನ ಸಿಗ್ನಲ್‌ನಲ್ಲಿ ಅದರ ತನಕ ಹೋಗುವ ಪಾಲೇ ಕಮ್ಮಿ. ಸ್ಪೀಕರ್‌ನ ನಡತೆಯನ್ನು ನಕಲು ಮಾಡುವ ಸಣ್ಣ ಕ್ಯಾಬ್ ಸಿಮ್ಯುಲೇಟರ್ ಪೆಡಲ್ ಇದ್ದರೆ ಇನ್ನೂ ಸೊಗಸು.

ನಾಲ್ಕನೇ ಹೆಜ್ಜೆ: ಎರಡು ಚಾನಲ್, ಸರಿಯಾದ ಇನ್‌ಪುಟ್

ಒಂದೇ ಚಾನಲ್ ಇರುವ ಆಂಪ್ ಬೇಡ. ಕೇಬಲ್ ಕಿತ್ತು ಚುಚ್ಚುತ್ತಾ, ಪ್ರತಿ ಸಲ ಇಕ್ಯೂ ಬದಲಿಸುತ್ತಾ ಕಾರ್ಯಕ್ರಮ ಕೊಡಲು ಆಗುವುದಿಲ್ಲ. ಎರಡು ಚಾನಲ್, ಎರಡಕ್ಕೂ ಬೇರೆ ಬೇರೆ ಇಕ್ಯೂ, ಬೇರೆ ಬೇರೆ ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಮೊಳಗಿದಂಥ ಅನುರಣನ) ಮಟ್ಟ ಇರಬೇಕು. ಸ್ಟೀಲ್‌ಗೆ ರಿವರ್ಬ್ ಧಾರಾಳವಾಗಿ ಬೇಕು, ಸ್ಟ್ರಮ್ ಮಾಡುವ ಅಕೂಸ್ಟಿಕ್‌ಗೆ ಅಷ್ಟೇ ರಿವರ್ಬ್ ಕೊಟ್ಟರೆ ತಾಳ ಕರಗಿಹೋಗುತ್ತದೆ.

ಎರಡನೇ ಚಾನಲ್ "ಮೈಕ್" ಅಂತ ಬರೆದಿದ್ದರೆ ಹುಷಾರು. ಕೆಲವು ಆಂಪ್‌ಗಳಲ್ಲಿ ಅಲ್ಲಿ ಮೈಕ್‌ಗೆ ಮಾತ್ರ ಸರಿಹೊಂದುವ ಎಕ್ಸ್‌ಎಲ್‌ಆರ್ ತೂತು ಇರುತ್ತದೆ. ಮೈಕ್ ಇನ್‌ಪುಟ್‌ನ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಕೆಲವೇ ಸಾವಿರ ಓಮ್. ಸ್ಟೀಲ್ ಪಿಕಪ್‌ನ (ತಂತಿಯ ಅದುರನ್ನು ಸಿಗ್ನಲ್ ಮಾಡುವ ಭಾಗ) ಸುರುಳಿಯೇ 15–20 ಸಾವಿರ ಓಮ್ ಇರುತ್ತದೆ. ಅಲ್ಲಿ ಚುಚ್ಚಿದರೆ ದನಿಯೂ ಇಲ್ಲ, ಟ್ರೆಬಲ್ಲೂ ಇಲ್ಲ. ಎಕ್ಸ್‌ಎಲ್‌ಆರ್ ಮತ್ತು ಕಾಲಿಂಚಿನ ಜ್ಯಾಕ್ ಎರಡೂ ಸೇರಿದ ಕಾಂಬೊ ತೂತು ಇರುವ, ಜ್ಯಾಕ್‌ನ ಇಂಪಿಡೆನ್ಸ್ ಕನಿಷ್ಠ 1 ಮೆಗಾ ಓಮ್ ಅಂತ ಬರೆದಿರುವ ಆಂಪ್ ನೋಡಿ. ಸ್ಟೀಲ್ ಪಿಕಪ್‌ಗಳ ಔಟ್‌ಪುಟ್ ಜೋರು. ಇನ್‌ಪುಟ್‌ನಲ್ಲಿ ಸಿಗ್ನಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಒಳ್ಳೆಯದು.

ಅಕೂಸ್ಟಿಕ್ ಗಿಟಾರ್‌ನ ಪಿಕಪ್ ಯಾವುದು ಅಂತ ನೋಡಿಕೊಳ್ಳುವುದೂ ಇಲ್ಲೇ. ಸ್ಯಾಡಲ್ ಕೆಳಗೆ ಕೂರುವ ಪೀಜೋ ಪಿಕಪ್, ಒಳಗೆ ಬ್ಯಾಟರಿ ಹಾಕಿದ ಪ್ರಿಆಂಪ್ (ಸಿಗ್ನಲನ್ನು ಮೊದಲೇ ಬಲಪಡಿಸುವ ಭಾಗ) ಇದ್ದರೆ ಚಿಂತೆ ಇಲ್ಲ. ಪ್ರಿಆಂಪ್ ಇಲ್ಲದ ಪೀಜೋ ಆದರೆ ಇನ್‌ಪುಟ್ ಇಂಪಿಡೆನ್ಸ್ ತುಂಬಾ ಮುಖ್ಯ. ಅಂಥ ಪಿಕಪ್‌ನ ಕೆಪ್ಯಾಸಿಟೆನ್ಸ್ 500 ಪಿಕೋಫ್ಯಾರಡ್ ಅಂತಿಟ್ಟುಕೊಂಡರೆ, 1 ಮೆಗಾ ಓಮ್ ಇನ್‌ಪುಟ್‌ನಲ್ಲಿ ಸುಮಾರು 320 ಹರ್ಟ್ಸ್‌ನಿಂದ ಕೆಳಗಿನ ಬಾಸ್ ಸೋರಲು ಶುರುವಾಗುತ್ತದೆ. 10 ಮೆಗಾ ಓಮ್ ಇನ್‌ಪುಟ್‌ನಲ್ಲಿ ಅದು 32 ಹರ್ಟ್ಸ್‌ಗೆ ಇಳಿಯುತ್ತದೆ, ಗಿಟಾರ್‌ನ ಯಾವ ಸ್ವರಕ್ಕೂ ತೊಂದರೆ ಇಲ್ಲ. ಎಲ್. ಆರ್. ಬ್ಯಾಗ್ಸ್ ಕಂಪನಿಯ ಪ್ಯಾರಾ ಅಕೂಸ್ಟಿಕ್ ಡಿಐ ತರಹದ 10 ಮೆಗಾ ಓಮ್ ಪ್ರಿಆಂಪ್‌ಗಳು ಇರುವುದು ಇದಕ್ಕೇ. ಪೀಜೋ ಸದ್ದು ತೆಳ್ಳಗೆ, ಡಬ್ಬದ ಹಾಗೆ ಕೇಳಿದರೆ ಆಂಪ್ ಬದಲಿಸುವ ಮೊದಲು ಇದನ್ನು ಪರೀಕ್ಷಿಸಿ.

ಇದೇ ಕಾರಣಕ್ಕೆ ಸ್ಟೀಲ್‌ನ ವಾಲ್ಯೂಮ್ ಪೆಡಲ್ ಮೂಲಕ ಅಕೂಸ್ಟಿಕ್ ಹಾಯಿಸಬೇಡಿ. ಸಾಮಾನ್ಯ ಪೆಡಲ್‌ನಲ್ಲಿರುವುದು 500 ಕಿಲೋ ಓಮ್‌ನ ಪಾಟ್ (ಸದ್ದು ಏರಿಸಿ ಇಳಿಸುವ ರೆಸಿಸ್ಟರ್). ಪ್ರಿಆಂಪ್ ಇಲ್ಲದ ಪೀಜೋಗೆ ಅದು ಇನ್ನೂ ಭಾರ. ಸ್ಟೀಲ್ ಒಂದು ದಾರಿ, ಅಕೂಸ್ಟಿಕ್ ಇನ್ನೊಂದು ದಾರಿ, ಎರಡೂ ಆಂಪ್‌ನೊಳಗೆ ಮಾತ್ರ ಸೇರಲಿ.

ಐದನೇ ಹೆಜ್ಜೆ: ಯಾವ ಜಾತಿಯ ಆಂಪ್?

ಶುದ್ಧ ಸ್ಟೀಲ್ ಆಂಪ್‌ಗಳನ್ನು ಮೊದಲು ನೋಡೋಣ. ಪೀವಿ ನ್ಯಾಶ್‌ವಿಲ್ 112 ಅಂದರೆ 80 ವ್ಯಾಟ್, 12 ಇಂಚಿನ ಸ್ಪೀಕರ್. ಸ್ಟೀಲ್‌ಗೆ ಇದು ನನಗೆ ತುಂಬಾ ಇಷ್ಟ. ಅಕೂಸ್ಟಿಕ್‌ಗೆ ಟ್ವೀಟರ್ ಇಲ್ಲ. ಬ್ಯಾಂಡ್ ನಡುವೆ ಸ್ಟ್ರಮ್ ಮಾಡಲು ನಡೆಯುತ್ತದೆ, ಒಬ್ಬರೇ ಹಾಡುತ್ತಾ ಬೆರಳಿನಲ್ಲಿ ನುಡಿಸಲು ಸಾಲದು. ರೋಲ್ಯಾಂಡ್ ಜೆಸಿ-120 1975ರಿಂದ ಇದೆ, ಎರಡು 12 ಇಂಚಿನ ಸ್ಪೀಕರ್, ಒಂದೊಂದಕ್ಕೂ 60 ವ್ಯಾಟ್. ಒಡೆಯದ ಶುದ್ಧ ಸದ್ದಿಗೆ ಅದರ ಹೆಸರು ದೊಡ್ಡದು. ಟ್ವೀಟರ್ ಇಲ್ಲದಿದ್ದರೂ ಮೇಲಿನ ಭಾಗ ತಿಳಿಯಾಗಿರುವುದರಿಂದ, ಒಳ್ಳೆಯ ಪ್ರಿಆಂಪ್ ಮುಂದಿಟ್ಟರೆ ಅಕೂಸ್ಟಿಕ್ ಕೂಡ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಭಾರ ಮಾತ್ರ ಯೋಚಿಸಬೇಕು.

ಅಕೂಸ್ಟಿಕ್ ಆಂಪ್‌ಗಳಲ್ಲಿ ಫಿಶ್‌ಮನ್ ಲೌಡ್‌ಬಾಕ್ಸ್ ಸಾಲನ್ನು ಎಲ್ಲ ಕಡೆ ಕಾಣುತ್ತೀರಿ. ಮಿನಿ 60 ವ್ಯಾಟ್, ಆರ್ಟಿಸ್ಟ್ 120 ವ್ಯಾಟ್, ಪರ್ಫಾರ್ಮರ್ 180 ವ್ಯಾಟ್. ಮಿನಿ ಮನೆಗೆ ಚೆನ್ನ. ವೇದಿಕೆಗೆ ಸ್ಟೀಲ್ ಕೂಡ ಹಾಕುತ್ತೀರಿ ಅಂದರೆ ಆರ್ಟಿಸ್ಟ್‌ನಿಂದ ಶುರುಮಾಡಿ. ಎಇಆರ್ ಕಾಂಪ್ಯಾಕ್ಟ್ 60 ಅಕೂಸ್ಟಿಕ್‌ಗೆ ಅದ್ಭುತ, ಆದರೆ ಅದರ 8 ಇಂಚಿನ ಸ್ಪೀಕರ್‌ನಲ್ಲೇ ಎರಡು ಕೋನ್ ಇವೆ, ಆಫ್ ಮಾಡಲು ಪ್ರತ್ಯೇಕ ಟ್ವೀಟರ್ ಇಲ್ಲ. ಸ್ಟೀಲ್‌ಗೆ ಇಕ್ಯೂ ಪೆಡಲ್ ಇಲ್ಲದೆ ಅದು ಒಗ್ಗುವುದಿಲ್ಲ.

ಮೂರನೆಯದು ಜ್ಯಾಝ್ ಆಂಪ್‌ಗಳು. ನನ್ನ ಓಟು ಇವಕ್ಕೆ. ಜ್ಯಾಝ್ ಗಿಟಾರ್‌ನವರಿಗೂ ಸ್ಟೀಲ್‌ನವರಿಗೂ ಬೇಕಾಗಿರುವುದು ಹೆಚ್ಚುಕಮ್ಮಿ ಒಂದೇ: ಒಡೆಯದ, ದುಂಡಗಿನ ಸದ್ದು. ಹೆನ್ರಿಕ್ಸನ್ ಬಡ್ ಇದಕ್ಕೆ ಒಳ್ಳೆಯ ಉದಾಹರಣೆ. 120 ವ್ಯಾಟ್, ಎರಡು ಚಾನಲ್, ಎರಡಕ್ಕೂ ಐದು ಪಟ್ಟಿಯ ಇಕ್ಯೂ, ಟ್ವೀಟರ್ ಆಫ್ ಮಾಡುವ ಸೌಲಭ್ಯ. ಆರೂವರೆ ಇಂಚಿನ ಸ್ಪೀಕರ್ ಸ್ಟೀಲ್‌ಗೆ ಸ್ವಲ್ಪ ಚಿಕ್ಕದು, ಹಾಗಾಗಿ 10 ಇಂಚಿನ ಬಡ್ ಟೆನ್ ಸಿಕ್ಕರೆ ಅದೇ ಮೇಲು.

ಕೊನೆಯದಾಗಿ ಪವರ್ಡ್ ಸ್ಪೀಕರ್, ಅಂದರೆ 10 ಅಥವಾ 12 ಇಂಚಿನ ಪಿಎ ಪೆಟ್ಟಿಗೆ, ಅದರ ಮುಂದೆ ಎರಡು ಇನ್‌ಪುಟ್‌ನ ಪ್ರಿಆಂಪ್ ಅಥವಾ ಪುಟ್ಟ ಮಿಕ್ಸರ್. ಹೆಡ್‌ರೂಮ್ ಧಾರಾಳ, ಭಾರ ಕಮ್ಮಿ, ಅಕೂಸ್ಟಿಕ್‌ಗೆ ಹೇಳಿ ಮಾಡಿಸಿದ್ದು. ಸ್ಟೀಲ್‌ಗೆ ಕ್ಯಾಬ್ ಸಿಮ್ಯುಲೇಟರ್ ಇಲ್ಲದಿದ್ದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಈ ಪೆಟ್ಟಿಗೆಗಳ ಮೇಲೆ 1,000, 2,000 ವ್ಯಾಟ್ ಅಂತ ಬರೆದಿರುತ್ತಾರೆ, ಅವು ಪೀಕ್, ಅಂದರೆ ಒಂದು ಕ್ಷಣದ ಗರಿಷ್ಠ ಅಂಕಿಗಳು. ಅದನ್ನು ಬಿಟ್ಟು ಗರಿಷ್ಠ ಡೆಸಿಬೆಲ್ ಎಷ್ಟು ಅಂತ ನೋಡಿ.

ಆರನೇ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಸ್ಟೀಲ್ ಹೊತ್ತುಕೊಂಡು ಹೋಗಿ. ಭಾರ ಅಂತ ಬಿಟ್ಟು ಹೋಗಬೇಡಿ, ಅಂಗಡಿಯ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮದೇ ವಾಲ್ಯೂಮ್ ಪೆಡಲ್, ನಿಮ್ಮದೇ ಕೇಬಲ್, ನಿಮ್ಮದೇ ಅಕೂಸ್ಟಿಕ್ ಇರಲಿ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಗದ್ದಲ ಇರುವುದಿಲ್ಲ, ಸ್ವಲ್ಪ ಜೋರಾಗಿ ನುಡಿಸಲೂ ಬಿಡುತ್ತಾರೆ.

ಇಕ್ಯೂ ನಾಬ್‌ಗಳೆಲ್ಲ ಮಧ್ಯದಲ್ಲಿ, ರಿವರ್ಬ್ ಸೊನ್ನೆ, ಟ್ವೀಟರ್ ಆಫ್. ಮೊದಲು ವಾಲ್ಯೂಮ್ ಪೆಡಲ್ ಅರ್ಧ ಒತ್ತಿ ಬ್ಯಾಂಡ್‌ನಲ್ಲಿ ನುಡಿಸುವ ಮಟ್ಟಕ್ಕೆ ವಾಲ್ಯೂಮ್ ತನ್ನಿ. ಆಮೇಲೆ 3, 4 ಮತ್ತು 5ನೇ ತಂತಿ ಒಟ್ಟಿಗೆ ಮೀಟಿ ಪೆಡಲ್ ಪೂರ್ತಿ ಒತ್ತಿ. ಆ ಸ್ವರ ಇನ್ನೂ ನಿಂತಿರುವಾಗಲೇ ಮತ್ತೊಮ್ಮೆ ಗಟ್ಟಿಯಾಗಿ ಮೀಟಿ. ಮೀಟಿದ ಕ್ಷಣದಲ್ಲಿ ಒಂದು ಸಣ್ಣ ಕರಕರ ಕೇಳಿತಾ? ಅಥವಾ ಸದ್ದು ಒಮ್ಮೆ ಒಳಗೆ ಎಳೆದುಕೊಂಡಂತಾಯಿತಾ? ಎರಡನೆಯದು ಆಂಪ್‌ನೊಳಗೆ ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಕೆಲಸ. ಅಕೂಸ್ಟಿಕ್ ಆಂಪ್‌ಗಳಲ್ಲಿ ಇದು ಸಾಮಾನ್ಯ. ಅಲ್ಪಸ್ವಲ್ಪ ಆದರೆ ಸಹಿಸಬಹುದು, ಪ್ರತಿ ಸಲ ಆದರೆ ಆ ಆಂಪ್ ನಿಮ್ಮ ಬ್ಯಾಂಡ್‌ಗೆ ಸಾಲದು.

ನಂತರ 15ನೇ ಫ್ರೆಟ್‌ನಿಂದ ಮೇಲೆ ಹೋಗಿ ಮೂರನೇ ತಂತಿ ಒಂದನ್ನೇ ನುಡಿಸಿ. ಸ್ಟೀಲ್ ಕಿರುಚುವುದು ಅಲ್ಲೇ. ತೆಳ್ಳಗಾದರೂ ಪರವಾಗಿಲ್ಲ, ಕಿವಿ ಕೀರಬಾರದು. ಹತ್ತನೇ ತಂತಿಯನ್ನೂ ಮೀಟಿ ಪೆಟ್ಟಿಗೆ ನಡುಗುತ್ತದಾ ನೋಡಿ.

ಅಕೂಸ್ಟಿಕ್‌ಗೆ ಟ್ವೀಟರ್ ಹಾಕಿ, ಆಂಪ್‌ನಿಂದ ಎರಡು ಮೂರು ಮೀಟರ್ ದೂರ ನಿಂತು ಸ್ಟ್ರಮ್ ಮಾಡಿ. ಆಂಪ್‌ಗೆ ಎದುರಾಗಿ ನಿಲ್ಲಿ, ಬೆನ್ನು ಹಾಕಿ ನಿಲ್ಲಿ, ಪಕ್ಕಕ್ಕೆ ಸರಿಯಿರಿ. ಆಂಪ್ ಎಲ್ಲಿ ಕೂಗಲು (ಫೀಡ್‌ಬ್ಯಾಕ್) ಶುರುಮಾಡುತ್ತದೆ ಗಮನಿಸಿ. ಫೇಸ್ ಬಟನ್ (ಸಿಗ್ನಲನ್ನು ತಲೆಕೆಳಗು ಮಾಡುವುದು) ಒತ್ತಿದಾಗ, ನಾಚ್ ನಾಬ್ (ಒಂದು ಸಣ್ಣ ಭಾಗವನ್ನಷ್ಟೇ ಕತ್ತರಿಸುವುದು) ತಿರುಗಿಸಿದಾಗ ಕೂಗು ನಿಂತರೆ ಒಳ್ಳೆಯ ಲಕ್ಷಣ.

ಏಳನೇ ಹೆಜ್ಜೆ: ವೇದಿಕೆಯ ಮೇಲೆ ಹೊಂದಿಸಿಕೊಳ್ಳುವುದು

ಸ್ಟೀಲ್‌ಗೆ ಶುರುವಿನ ಸೆಟ್ಟಿಂಗ್: 800 ಹರ್ಟ್ಸ್ ಸುತ್ತ ಚೆನ್ನಾಗಿ ತಗ್ಗಿಸಿ. ಪೀವಿ ಆಂಪ್ ಇಟ್ಟುಕೊಂಡ ಸ್ಟೀಲ್‌ನವರು ಮಿಡ್ ಶಿಫ್ಟ್ ನಾಬನ್ನು (ಮಿಡ್, ಅಂದರೆ ನಡುವಿನ ಭಾಗ ಯಾವುದೆಂದು ಗೊತ್ತುಮಾಡುವ ನಾಬ್) 800ರಲ್ಲಿ ನಿಲ್ಲಿಸಿ ಮಿಡ್ ಕಮ್ಮಿ ಮಾಡುವುದು ಬಹಳ ಹಳೆಯ ರೂಢಿ. ಮೂಗಿನಿಂದ ಬಂದಂಥ ಸದ್ದು ಅಲ್ಲೇ ಇರುತ್ತದೆ. ಟ್ರೆಬಲ್ ಮಧ್ಯಕ್ಕಿಂತ ಸ್ವಲ್ಪ ಕಮ್ಮಿ, ಬಾಸ್ ಸ್ವಲ್ಪ ಜಾಸ್ತಿ. ಅಕೂಸ್ಟಿಕ್ ಚಾನಲ್‌ನಲ್ಲಿ ಬಾಸ್ ಕಮ್ಮಿ ಮಾಡಿ. ಗಿಟಾರ್‌ನ ಮೈಯೊಳಗಿನ ಗಾಳಿ ಸುಮಾರು 100 ಹರ್ಟ್ಸ್‌ನಲ್ಲಿ, ಮೇಲಿನ ಹಲಗೆ 200ರ ಆಸುಪಾಸಿನಲ್ಲಿ ತಾನೇ ಮೊಳಗುತ್ತದೆ. ಫೀಡ್‌ಬ್ಯಾಕ್ ಹುಟ್ಟುವುದು ಜಾಸ್ತಿ ಈ ಎರಡು ಜಾಗದಲ್ಲಿ. ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಸ್ಟೀಲ್ ನುಡಿಸುವಾಗ ಅಕೂಸ್ಟಿಕ್ ಚಾನಲ್ ಮುಚ್ಚಿರಲೇಬೇಕು. ಸ್ಟ್ಯಾಂಡ್ ಮೇಲಿರುವ ಗಿಟಾರ್ ಸುಮ್ನೆ ಕೂರುವುದಿಲ್ಲ. ಸ್ಟೀಲ್‌ನ ಸದ್ದಿಗೆ ಅದರ ತಂತಿಗಳು ತಾವೇ ಅದುರುತ್ತವೆ, ಪಿಕಪ್ ಅದನ್ನು ಮತ್ತೆ ಅದೇ ಆಂಪ್‌ಗೆ ಕಳಿಸುತ್ತದೆ, ಎರಡು ಹಾಡು ಕಳೆಯುವುದರೊಳಗೆ ಎಲ್ಲಿಂದಲೋ ಒಂದು ಗುಂಯ್ ಸದ್ದು ಶುರು. ಅಕೂಸ್ಟಿಕ್‌ನ ದಾರಿಯಲ್ಲಿ ಒಂದು ಟ್ಯೂನರ್ ಪೆಡಲ್ ಇಡಿ. ಒತ್ತಿದರೆ ಮ್ಯೂಟ್, ಟ್ಯೂನ್ ಕೂಡ ನೋಡಿಕೊಳ್ಳಬಹುದು. ಸ್ಟೀಲ್ ಕಡೆಗೆ ವಾಲ್ಯೂಮ್ ಪೆಡಲ್ ಪೂರ್ತಿ ಹಿಂದಕ್ಕೆ ತಂದರೆ ಸಾಕು.

ಆಂಪ್ ಎಲ್ಲಿ ಇಡುತ್ತೀರಿ? ಸ್ಟೀಲ್ ಕೂತು ನುಡಿಸುವುದು, ಅಕೂಸ್ಟಿಕ್ ನಿಂತು. ಟ್ವೀಟರ್‌ನ ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ನೆಲದ ಮೇಲೆ ಇಟ್ಟರೆ ನಿಂತಾಗ ಅದು ಮೊಣಕಾಲಿಗೆ ಬಡಿದು ಹೋಗುತ್ತದೆ. ನಿಮಗೆ ಕೇಳದೆ ಟ್ರೆಬಲ್ ಏರಿಸುತ್ತೀರಿ, ಮುಂದೆ ಕೂತವರ ಕಿವಿ ಸುಡುತ್ತದೆ. ಆಂಪನ್ನು ನಿಮ್ಮ ಹಿಂದೆ ಒಂದು ಪಕ್ಕಕ್ಕೆ, ಕುರ್ಚಿಯ ಎತ್ತರದ ಸ್ಟ್ಯಾಂಡ್ ಮೇಲೆ, ಸ್ವಲ್ಪ ಮೇಲ್ಮುಖವಾಗಿ ವಾಲಿಸಿ ಇಡಿ. ಕೂತಾಗಲೂ ನಿಂತಾಗಲೂ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತದೆ.

ಆಂಪ್‌ನ ಡಿಐ ಔಟ್‌ನಿಂದ ಪಿಎಗೆ ಕೊಡುವವರು ಒಂದು ವಿಷಯ ನೆನಪಿಡಿ. ಟ್ವೀಟರ್ ಆಫ್ ಮಾಡುವ ಸ್ವಿಚ್‌ಗೂ ಡಿಐಗೂ ಸಂಬಂಧ ಇಲ್ಲ. ವೇದಿಕೆಯ ಮೇಲೆ ನಿಮಗೆ ಸಿಹಿಯಾಗಿ ಕೇಳುತ್ತಿರುವ ಸ್ಟೀಲ್, ಪಿಎಯಲ್ಲಿ ಪೂರ್ತಿ ಚೂಪಾಗಿ ಹೊರಗೆ ಹೋಗುತ್ತಿರುತ್ತದೆ. "ಸ್ಟೀಲ್ ನುಡಿಸುವಾಗ ನನ್ನ ಚಾನಲ್‌ನಲ್ಲಿ 5,000 ಹರ್ಟ್ಸ್ ಮೇಲೆ ಕಟ್ ಮಾಡಿ" ಅಂತ ಮಿಕ್ಸರ್‌ನವರಿಗೆ ಹೇಳಿ, ಇಲ್ಲವೇ ಸ್ಟೀಲ್‌ಗೆ ಸ್ಪೀಕರ್ ಮುಂದೆ ಮೈಕ್ ಇಡಲು ಕೇಳಿ. ಮೊದಲೇ ಹೇಳಿದ ಇಕ್ಯೂ ಪೆಡಲ್ ಸ್ಟೀಲ್‌ನ ದಾರಿಯಲ್ಲಿ ಇದ್ದರೆ ಈ ತೊಂದರೆಯೂ ಬಹುಮಟ್ಟಿಗೆ ತಪ್ಪುತ್ತದೆ, ಏಕೆಂದರೆ ಅದರ ಕೆಲಸ ಡಿಐಗಿಂತ ಮೊದಲೇ ಮುಗಿದಿರುತ್ತದೆ.

ಭಾರತಕ್ಕೆ ತರುವವರಿಗೆ

ಬೆಂಗಳೂರಿನಲ್ಲಿ ಲ್ಯಾಪ್ ಸ್ಟೀಲ್ ಅಥವಾ ಎಲೆಕ್ಟ್ರಿಕ್ ಹವಾಯಿಯನ್ ಗಿಟಾರ್ ನುಡಿಸುವವರಿಗೂ ಮೇಲಿನ ಲೆಕ್ಕವೇ ಸಾಕು. ವಾಲ್ಯೂಮ್ ಪೆಡಲ್ ಬಳಸದಿದ್ದರೆ ಹೆಡ್‌ರೂಮ್ ಸ್ವಲ್ಪ ಕಮ್ಮಿಯಾದರೂ ನಡೆಯುತ್ತದೆ. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ಆಂಪ್ ತರಿಸುವ ಮೊದಲು ಅದರ ಹಿಂಬದಿಯ ಚೀಟಿ ಫೋಟೋ ತೆಗೆಸಿ ನೋಡಿ. 100–240 ವೋಲ್ಟ್, 50/60 ಹರ್ಟ್ಸ್ ಅಂತ ಇದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ 230 ವೋಲ್ಟ್‌ಗೆ ಚುಚ್ಚಿದ ಕ್ಷಣವೇ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಆಂಪ್ ಎಳೆಯುವ ವ್ಯಾಟ್‌ಗಿಂತ ಒಂದೂವರೆ ಪಟ್ಟು ದೊಡ್ಡದು. ಇಲ್ಲಿ ನೋಡಬೇಕಾದದ್ದು ಸ್ಪೀಕರ್‌ಗೆ ಕೊಡುವ ವ್ಯಾಟ್ ಅಲ್ಲ, ಹಿಂಬದಿಯಲ್ಲಿ ಬರೆದಿರುವ ಕರೆಂಟ್ ಎಳೆಯುವ ವ್ಯಾಟ್. ಅರ್ಥಿಂಗ್ ಪಿನ್ ಇರುವ ಟ್ರಾನ್ಸ್‌ಫಾರ್ಮರೇ ತೆಗೆದುಕೊಳ್ಳಿ. ಸ್ಟೀಲ್ ನುಡಿಸುವಾಗ ಒಂದು ಕೈ ಬಾರ್ ಮೂಲಕ ತಂತಿಯ ಮೇಲೆ, ಬಾಯಿ ಮೈಕ್ ಹತ್ತಿರ ಇರುತ್ತದೆ. ಅರ್ಥಿಂಗ್ ಸರಿ ಇಲ್ಲದ ಹಾಲ್‌ನಲ್ಲಿ ತುಟಿಗೆ ಶಾಕ್ ಹೊಡೆಯುವುದು ಇಂಥ ಕಡೆಯೇ. ಎರಡು ಕೇಬಲ್ ಚುಚ್ಚುವ ಮೊದಲು ಆ ಪ್ಲಗ್‌ಪಾಯಿಂಟಿನ ಅರ್ಥಿಂಗನ್ನು ಒಂದು ಸಾಕೆಟ್ ಟೆಸ್ಟರ್‌ನಲ್ಲಿ ನೋಡಿಕೊಳ್ಳಿ.